ದರ ಹೇಳೋ ಮೊದಲು ಅಳತೆ ಕೇಳಿ

ತುಮಕೂರಿನ ವಸಂತನರಸಾಪುರದಲ್ಲಿ ಹೊಸ ಶೆಡ್ ಏಳುತ್ತಿದೆ ಅಂದರೆ ಸಾಕು, ಬೆಳಿಗ್ಗೆಯೇ ಸೈಟ್ ಆಫೀಸಿನ ಮುಂದೆ ಎರಡು ಮೂರು ಬೈಕು ನಿಂತಿರುತ್ತವೆ. ಮೊನ್ನೆಯವರೆಗೆ ಇನ್ನೊಬ್ಬರ ಕೈಕೆಳಗೆ ಕರಣೆ ಹಿಡಿದಿದ್ದವರು, ಈಗ ಆರೇಳು ಜನರನ್ನು ಕಟ್ಟಿಕೊಂಡು ಗಾರೆ (ಪ್ಲಾಸ್ಟರ್) ಕೆಲಸದ ಸ್ವಂತ ಗುತ್ತಿಗೆಗೆ ಬಂದಿರುತ್ತಾರೆ. ಬಹುತೇಕರ ಮೊದಲ ಮಾತು ಒಂದೇ: "ಸಾರ್, ಬೇರೆಯವರಿಗಿಂತ ಚದರಡಿಗೆ ಎರಡು ರೂಪಾಯಿ ಕಡಿಮೆಗೆ ಮಾಡ್ಕೊಡ್ತೀನಿ."

ಬಿಲ್ ಬರೆಯುವ ನನಗೆ ಆ ಮಾತೇ ಭಯ. ಅರ್ಧಕ್ಕೆ ಬಿಟ್ಟುಹೋದ ಗೋಡೆಯನ್ನು ಇನ್ನೊಬ್ಬರಿಂದ ಮುಗಿಸಲು ಎರಡು ರೂಪಾಯಿಗಿಂತ ಹೆಚ್ಚೇ ಬೀಳುತ್ತದೆ.

ಒಮ್ಮೆ ಶಿರಾ ಕಡೆಯ ಹುಡುಗನೊಬ್ಬ ಬಂದ. ದರ ಹೇಳಲಿಲ್ಲ. "ಸಾರವೆ ನಿಮ್ದಾ ನಮ್ದಾ ಸಾರ್? ಕ್ಯೂರಿಂಗ್‌ಗೆ ನೀರು ಯಾರು ಹೊಡೀಬೇಕು? ಬಾಗ್ಲು ಕಿಟಕಿ ಹೆಂಗೆ ಕಳೀತೀರ?" ಅಂದ. ಗೇಟಿನ ಪಕ್ಕದ ಸೆಕ್ಯೂರಿಟಿ ರೂಮು, ಕ್ಯಾಂಟೀನಿನ ಗಾರೆ ಕೆಲಸ ಅವನಿಗೇ ಕೊಟ್ಟೆ.

ಮೂರನೆಯ ಪ್ರಶ್ನೆಯಲ್ಲಿ ದುಡ್ಡಿದೆ: ಬಾಗಿಲು ಕಿಟಕಿಯ ಜಾಗವನ್ನು ಗೋಡೆಯ ಅಳತೆಯಿಂದ ಎಷ್ಟು ಕಳೆಯುತ್ತಾರೆ ಅನ್ನೋದು. ಕಟ್ಟಡ ಕೆಲಸ ಅಳೆಯುವ ಭಾರತೀಯ ಮಾನಕ ಐಎಸ್ 1200 ಪ್ರಕಾರ ಪ್ಲಾಸ್ಟರ್ ಅಳೆಯುವಾಗ ಅರ್ಧ ಚದರ ಮೀಟರ್‌ವರೆಗಿನ ಕಿಂಡಿಗೆ ಏನೂ ಕಳೆಯುವುದಿಲ್ಲ. ಅಲ್ಲಿಂದ 3 ಚದರ ಮೀಟರ್‌ವರೆಗೆ, ಎರಡೂ ಬದಿ ಒಂದೇ ಪ್ಲಾಸ್ಟರ್ ಇದ್ದರೆ, ಒಂದು ಬದಿ ಮಾತ್ರ ಕಳೆಯಬೇಕು. ಇನ್ನೊಂದು ಬದಿ ಕಳೆಯದೆ ಬಿಡುವುದು ಕಿಂಡಿಯ ಒಳ ಅಂಚಿಗೆ ಗಾರೆ ಹೊಡೆದ ಶ್ರಮಕ್ಕೆ. ಅದಕ್ಕಿಂತ ದೊಡ್ಡದಾದರೆ ಎರಡೂ ಬದಿ ಕಳೆದು, ಅಂಚನ್ನು ಬೇರೆ ಅಳೆಯುತ್ತಾರೆ. ಮೂರಡಿ ಏಳಡಿ ಬಾಗಿಲು 21 ಚದರಡಿ. ಹತ್ತು ಬಾಗಿಲಿಗೆ ತಪ್ಪಾಗಿ ಎರಡೂ ಬದಿ ಕಳೆದರೆ ಎರಡು ಚದರಕ್ಕೂ (ಒಂದು ಚದರ ಅಂದರೆ 100 ಚದರಡಿ) ಹೆಚ್ಚು ಕೆಲಸ ಪುಕ್ಕಟೆ. ಮನೆ ಕಟ್ಟುವ ಕೆಲಸಗಳಲ್ಲಿ ಈ ಕೋಡ್ ಯಾರೂ ನೋಡುವುದಿಲ್ಲ, ಬಾಯಿಮಾತಿನ ಲೆಕ್ಕವೇ. ಆದ್ದರಿಂದಲೇ ಮೊದಲು ಕೇಳಬೇಕು. ಒಳಗಿನ 12 ಮಿ.ಮೀ. ದಪ್ಪದ ಗಾರೆ, ಹೊರಗಿನ 20 ಮಿ.ಮೀ. ಗಾರೆ ಎರಡಕ್ಕೂ ಒಂದೇ ದರ ಒಪ್ಪಿಕೊಂಡವರು ಹೊರಗೋಡೆಯಲ್ಲಿ ಸೋಲುತ್ತಾರೆ.

ಗುರುತಿಲ್ಲದವರಿಗೆ ಬಾಗಿಲು ತೆರೆಯುವುದು ಕೆಲಸ ಮುಗಿಯುತ್ತಾ ಬಂದ ಸೈಟ್. ದೊಡ್ಡ ಗ್ಯಾಂಗ್ ಬೇರೆ ಕಡೆ ಹೋಗಿರುತ್ತದೆ. ವೈರಿಂಗ್‌ಗೆ ಕೊರೆದ ಗೋಡೆ ಮುಚ್ಚಬೇಕು, ಕಿಟಕಿ ಅಂಚು ತಿದ್ದಬೇಕು, ಸ್ಕರ್ಟಿಂಗ್ (ಗೋಡೆ ಬುಡದ ಪಟ್ಟಿ) ಮೇಲಿನ ಸಂದು ತುಂಬಬೇಕು. ಇದು ಯಾರಿಗೂ ಬೇಡದ ಕೆಲಸ, ಆದರೆ ಕಟ್ಟಡ ಒಪ್ಪಿಸಬೇಕಾದ ಸೈಟ್ ಎಂಜಿನಿಯರ್‌ಗೆ ಅದರಿಂದಲೇ ನಿದ್ದೆಯಿಲ್ಲ. ದಿನಗೂಲಿ ಲೆಕ್ಕದಲ್ಲಿ ಹಿಡಿಯಿರಿ. ಎಷ್ಟು ಆಳು, ಯಾವ ಕೋಣೆ ಅಂತ ಬರೆದು ಅವತ್ತೇ ಸಂಜೆ ಸಹಿ ಹಾಕಿಸಿಕೊಳ್ಳಿ. ವಾರ ಬಿಟ್ಟು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ, ನನಗೂ.

ಆಳುಗಳಿಗೆ ಕೂಲಿ ಬಟವಾಡೆ ಶನಿವಾರ, ಬಿಲ್ ಬರುವುದು ಹದಿನೈದು ದಿನಕ್ಕೋ ತಿಂಗಳಿಗೋ. ಮೂರು ವಾರದ ಕೂಲಿ ಕೈಯಲ್ಲಿ ಇಲ್ಲದಿದ್ದರೆ ದೊಡ್ಡ ಕೆಲಸ ಸಿಕ್ಕರೂ ಒಪ್ಪಬೇಡಿ. ಪ್ಯಾನ್ ಕೊಟ್ಟ ವ್ಯಕ್ತಿಗೆ ಟಿಡಿಎಸ್ (ಬಿಲ್ಲಿನಲ್ಲೇ ಕಡಿತವಾಗುವ ಆದಾಯ ತೆರಿಗೆ) 1% ಹಿಡಿಯುತ್ತಾರೆ, ಇಲ್ಲದಿದ್ದರೆ 20%. ರಿಟರ್ನ್ ಹಾಕಿ, ಮುಂದಿನ ಕಂಪನಿ ಹಿಂದಿನ ಕೆಲಸದ ದಾಖಲೆ ಕೇಳಿದಾಗ ಅದೇ ಬೇಕಾಗುತ್ತದೆ.

ಆ ಶಿರಾ ಹುಡುಗನ ಎರಡನೇ ಬಿಲ್ಲಿನಲ್ಲಿ ನಾನೇ ಎರಡು ಬಾಗಿಲಿಗೆ ಎರಡೂ ಬದಿ ಕಳೆದುಬಿಟ್ಟಿದ್ದೆ. ಜೇಬಿನಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟ, ಮಾತಾಡಲಿಲ್ಲ. 42 ಚದರಡಿ ಮತ್ತೆ ಸೇರಿಸಿದೆ.