ಮೀನಿನ ನೀರಿನಲ್ಲಿ ಸೊಪ್ಪು: ಲೆಕ್ಕ ಶುರುವಾಗುವುದು ಮೇವಿನಿಂದ

ಮೀನುತೊಟ್ಟಿಯ ನೀರನ್ನೇ ಬೇರಿಗೆ ಹರಿಸಿ, ಮಣ್ಣಿಲ್ಲದೆ ಸೊಪ್ಪು ಬೆಳೆಯುವ ಪದ್ಧತಿ ಅಕ್ವಾಪೋನಿಕ್ಸ್. ಮೀನುಹೊಂಡದ ನೀರು ಹಸಿರಾದಷ್ಟೂ ಸಾರ ಹೆಚ್ಚು ಎಂದು ನಂಬಿ, ಅದನ್ನು ನೇರ ಸೊಪ್ಪಿನ ಬೇರಿಗೆ ಹರಿಸುವವರಿದ್ದಾರೆ. ಆ ಹಸಿರು ಪಾಚಿ. ಗಿಡಕ್ಕೆ ಸಿಗಬೇಕಿದ್ದ ಸಾರಜನಕವನ್ನು ಅದಾಗಲೇ ಹೀರಿಕೊಂಡಿರುತ್ತದೆ. ರಾತ್ರಿ ಮೀನಿನ ಆಮ್ಲಜನಕಕ್ಕೂ ಪೈಪೋಟಿಗಿಳಿಯುತ್ತದೆ. ಹಾಗಾಗಿ ತೊಟ್ಟಿಗೆ ನೆರಳು ಬೇಕು.

ಮೀನಿನ ಕಿವಿರಿನಿಂದ ಹೊರಬೀಳುವುದು ಅಮೋನಿಯ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಬದಲಿಸುತ್ತವೆ. ಸೊಪ್ಪು ಬೆಳೆಯುವುದು ಮುಖ್ಯವಾಗಿ ಈ ನೈಟ್ರೇಟ್ ಉಂಡು. ಬ್ಯಾಕ್ಟೀರಿಯಾ ನೆಲೆಯೂರಲು 3ರಿಂದ 5 ವಾರ ಹಿಡಿಯುತ್ತದೆ. ಅಮೋನಿಯ, ನೈಟ್ರೈಟ್ ಎರಡೂ ಲೀಟರಿಗೆ 1 ಮಿಲಿಗ್ರಾಂಗಿಂತ ಕೆಳಗಿಳಿದು ನೈಟ್ರೇಟ್ ಏರತೊಡಗಿದ ಮೇಲೆ ಸಸಿ ನೆಡಿ.

ಎಷ್ಟು ಮೀನು ಬೇಕೆಂದು ಎಲ್ಲರೂ ಕೇಳುತ್ತಾರೆ. ಕೇಳಬೇಕಾದ್ದು ಎಷ್ಟು ಮೇವು ಎಂದು. ಒಂದು ಚದರ ಮೀಟರ್ ಸೊಪ್ಪಿಗೆ ದಿನಕ್ಕೆ 40–50 ಗ್ರಾಂ ಮೇವು ನೀರಿಗೆ ಬೀಳಬೇಕು. 10 ಚದರ ಮೀಟರಿಗೆ ಅರ್ಧ ಕಿಲೊ. ಮೀನು ತನ್ನ ತೂಕದ ಶೇ. 2ರಷ್ಟು ತಿಂದರೆ 25 ಕಿಲೊ ಮೀನು, ಸುಮಾರು 2,000 ಲೀಟರಿನ ತೊಟ್ಟಿ ಸಾಕು.

ಹೆಚ್ಚಿನವರು ಎಡವುವುದು ಹಿಕ್ಕೆಯ ವಿಷಯದಲ್ಲಿ. ಗಸಿಯನ್ನು ಮೊದಲೇ ತಂಗಿಸಿ ತೆಗೆಯದಿದ್ದರೆ ಅದು ಬೇರಿಗೆ ಮೆತ್ತಿಕೊಂಡು ಉಸಿರು ಕಟ್ಟಿಸುತ್ತದೆ. ಬೆಳ್ಳಗಿರಬೇಕಾದ ಬೇರು ಕಂದುಬಣ್ಣಕ್ಕೆ ತಿರುಗಿ ಲೋಳೆಯಾಗುತ್ತದೆ. ಮುಟ್ಟಿದರೆ ಕಿತ್ತು ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಗಸಿತೊಟ್ಟಿಯನ್ನು ದಿನವೂ ಬಸಿಯಿರಿ, ಬೇರಿನ ತೊಟ್ಟಿಗೂ ಗುಳ್ಳೆಗಳಾಗಿ ಗಾಳಿ ಬಿಡುವ ಗಾಳಿಕಲ್ಲು ಇಡಿ.

ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ 7ರ ಆಸುಪಾಸಿನಲ್ಲಿರಲಿ. 8ಕ್ಕೇರಿದರೆ ಅಮೋನಿಯದ ವಿಷಕಾರಿ ಪಾಲು ಹತ್ತಿರಹತ್ತಿರ ಹತ್ತುಪಟ್ಟಾಗುತ್ತದೆ, ಗಿಡಕ್ಕೆ ಕಬ್ಬಿಣವೂ ದಕ್ಕುವುದಿಲ್ಲ. ಆದರೆ ಬ್ಯಾಕ್ಟೀರಿಯಾ ಕೆಲಸ ಮಾಡಿದಷ್ಟೂ ನೀರು ಹುಳಿಯಾಗಿ ಪಿಎಚ್ ಇಳಿಯುತ್ತ ಹೋಗುತ್ತದೆ. ಇದು ಒಂದರ್ಥದಲ್ಲಿ ಅನುಕೂಲವೇ: ಮೇವಿನಲ್ಲಿ ಸಾಲದೆ ಬೀಳುವ ಪೊಟ್ಯಾಸಿಯಂ, ಕ್ಯಾಲ್ಸಿಯಂಗಳನ್ನು ಪೊಟ್ಯಾಸಿಯಂ ಬೈಕಾರ್ಬೊನೇಟ್ ಮತ್ತು ಅರಳಿದ ಸುಣ್ಣದ ರೂಪದಲ್ಲಿ ಸರದಿಯ ಮೇಲೆ, ಚೂರುಚೂರೇ ಹಾಕಿ ಪಿಎಚ್ ಎತ್ತಬಹುದು. ಅಡುಗೆ ಸೋಡಾ ಬೇಡ, ಅದರ ಸೋಡಿಯಂ ನೀರಿನಲ್ಲೇ ಉಳಿದು ಸೇರುತ್ತ ಹೋಗುತ್ತದೆ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ನೀರಿನಲ್ಲಿ ಕರಗಿಯೇ ಉಳಿಯುವ ಕೀಲೇಟೆಡ್ ಕಬ್ಬಿಣವನ್ನು ಲೀಟರಿಗೆ 2 ಮಿಲಿಗ್ರಾಂ ಕಬ್ಬಿಣದಂತೆ ಬೆರೆಸಿ.

ಸೊಪ್ಪಿಗೆ ಹೇನು ಬಿದ್ದರೆ ಕೀಟನಾಶಕ ಮುಟ್ಟುವಂತಿಲ್ಲ. ಬೇವಿನ ಎಣ್ಣೆಯೂ ನೀರಿಗಿಳಿದರೆ ಮೀನಿಗೆ ಅಪಾಯ. ಕೀಟ ತಡೆಯುವ ಬಲೆ ಕಟ್ಟಿ, ಹೇನು ಹತ್ತಿದ ಎಲೆ ಕಿತ್ತೆಸೆಯಿರಿ.