ನಿರ್ದೇಶನ ಮತ್ತು ಮೇಲ್ವಿಚಾರಣೆ: ಹೊಲಿಗೆ ಲೈನ್ ಪಕ್ಕ ನಿಂತು ಓದೋಣ

ನಿರ್ವಹಣಾ ಶಾಸ್ತ್ರದಲ್ಲಿ ಬರುವ ಯೋಜನೆ, ಸಂಘಟನೆ, ಸಿಬ್ಬಂದಿ ನೇಮಕ ಮೂರೂ ಮುಗಿದರೂ ಒಂದು ಅಂಗಿ ಕೂಡ ಹೊಲಿದು ಆಚೆ ಬರುವುದಿಲ್ಲ. ಯೋಜನೆ ಕಾಗದದಲ್ಲಿರುತ್ತದೆ, ಜನ ಮಿಷನ್ ಮುಂದೆ ಕೂತಿರುತ್ತಾರೆ. ಏನು, ಹೇಗೆ, ಎಷ್ಟು ಹೊತ್ತಿಗೆ ಅಂತ ಹೇಳಿ ಮಾಡಿಸುವುದು, ಅಡ್ಡಿ ಬಂದರೆ ಬಿಡಿಸುವುದು ನಿರ್ದೇಶನ. ಇದು ಒಮ್ಮೆ ಮಾಡಿ ಕೈತೊಳೆದುಕೊಳ್ಳುವ ಕೆಲಸವಲ್ಲ. ಕೆಲಸ ನಡೆಯುವಷ್ಟು ದಿನ ನಡೆಯುತ್ತದೆ, ಮೇಲಿನ ಹಂತದಿಂದ ಕೆಳಗಿನ ಹಂತದವರೆಗೂ ನಡೆಯುತ್ತದೆ.

ಇದಕ್ಕೆ ನಾಲ್ಕು ಅಂಗಗಳು: ಮೇಲ್ವಿಚಾರಣೆ, ಅಭಿಪ್ರೇರಣೆ (ಕೆಲಸ ಮಾಡಲು ಹುರುಪು ತುಂಬುವುದು), ನಾಯಕತ್ವ, ಸಂವಹನ. ಅಭಿಪ್ರೇರಣೆಗೆ 1943ರಲ್ಲಿ ಮನಶ್ಶಾಸ್ತ್ರಜ್ಞ ಮ್ಯಾಸ್ಲೋ ಹೇಳಿದ ಮನುಷ್ಯನ ಅಗತ್ಯಗಳ ಐದು ಮೆಟ್ಟಿಲು ಬಾಯಿಗೆ ಬಂದರೆ ಸದ್ಯಕ್ಕೆ ಸಾಕು. ಜಾಸ್ತಿ ಹೊತ್ತು ಕೊಡಬೇಕಾದ್ದು ಮೇಲ್ವಿಚಾರಣೆಗೆ. ನಾಲ್ಕರಲ್ಲಿ ನಾವು ಬೇಗ ದಾಟಿಬಿಡುವುದೂ ಅದನ್ನೇ.

ಮದ್ದೂರು ಕಡೆಯವರಿಗೆ ಗಾರ್ಮೆಂಟ್ಸ್ ಹೊಸದಲ್ಲ, ಅಲ್ವಾ? ಒಂದು ಹೊಲಿಗೆ ಲೈನ್ ನೆನೆಸಿಕೊಳ್ಳಿ. ಒಬ್ಬರು ಕಾಲರ್ ಕೂರಿಸುತ್ತಾರೆ, ಮುಂದಿನವರು ತೋಳು ಸೇರಿಸುತ್ತಾರೆ, ಇನ್ನೊಬ್ಬರು ಪಕ್ಕದ ಹೊಲಿಗೆ ಹಾಕುತ್ತಾರೆ. ಕಾಲರ್ ಹತ್ತಿರ ಪೀಸ್‌ಗಳು ಗುಡ್ಡೆ ಬಿದ್ದಿವೆ. ಮುಂದಿನವರಿಗೆ ಕೆಲಸವಿಲ್ಲ. ಸೂಪರ್‌ವೈಸರ್ ದೂರದಿಂದಲೇ "ಬೇಗ, ಬೇಗ, ಟಾರ್ಗೆಟ್ ಹೋಯ್ತು!" ಎಂದು ಕೂಗಬಹುದು. ಇಲ್ಲವೇ ಹತ್ತಿರ ಹೋಗಿ, "ಯಾಕಕ್ಕ, ಮಿಷನ್ ಏನಾರಾ ತೊಂದ್ರೆ ಕೊಡ್ತಾ ಅದಾ?" ಎಂದು ಕೇಳಬಹುದು. ನೂಲು ಪದೇ ಪದೇ ತುಂಡಾಗುತ್ತಿದ್ದರೆ ಮೆಕ್ಯಾನಿಕ್ ಬಂದು ಸೂಜಿ, ನೂಲಿನ ಬಿಗಿ (ಟೆನ್ಷನ್) ನೋಡಬೇಕು. ಆಕೆಯನ್ನು ನಿನ್ನೆಯಷ್ಟೇ ಈ ಕೆಲಸಕ್ಕೆ ಹಾಕಿದ್ದರೆ ಕೈ ಹಿಡಿದು ಹೇಳಿಕೊಡಬೇಕು. ಬಂಡಲ್‌ನಲ್ಲಿ ಸೈಜ್ ಬೆರೆತುಹೋಗಿದ್ದರೆ ತಪ್ಪು ಬಟ್ಟೆ ಕತ್ತರಿಸುವ ಕಟಿಂಗ್ ವಿಭಾಗದ್ದು. ಮೂರಕ್ಕೂ ಕೂಗಾಟ ಮದ್ದಲ್ಲ. ಕಾರಣ ಹುಡುಕುವುದೇ ಮೇಲ್ವಿಚಾರಣೆಯ ಅರ್ಧ ಕೆಲಸ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಈಗ ಪರೀಕ್ಷೆಯಲ್ಲಿ ತಲೆ ತಿನ್ನುವ ಒಂದು ವಿಷಯ. ಫ್ರಾನ್ಸ್‌ನ ಗಣಿ ಎಂಜಿನಿಯರ್ ಹೆನ್ರಿ ಫೇಯೋಲ್ 1916ರಲ್ಲಿ 14 ತತ್ವಗಳನ್ನು ಪ್ರಕಟಿಸಿದರು. ಅದರಲ್ಲಿ ಆದೇಶದ ಏಕತೆ ಒಂದು: ಒಬ್ಬ ನೌಕರನಿಗೆ ಒಬ್ಬರೇ ಮೇಲಧಿಕಾರಿ. ಅಮೆರಿಕದ ಎಂಜಿನಿಯರ್ ಎಫ್. ಡಬ್ಲ್ಯು. ಟೇಲರ್ ಇದಕ್ಕೆ ತದ್ವಿರುದ್ಧ. ಒಬ್ಬ ಫೋರ್‌ಮನ್‌ಗೆ (ಕೆಲಸಗಾರರ ಮೇಲ್ವಿಚಾರಕನಿಗೆ) ಎಲ್ಲ ಜಾಣ್ಮೆಯೂ ಇರುವುದಿಲ್ಲ, ಆದ್ದರಿಂದ ಎಂಟು ಜನ ಬೇಕು ಎಂದರು. ನಾಲ್ವರು ಯೋಜನೆಯ ಕಡೆ, ನಾಲ್ವರು ಕೆಲಸದ ಜಾಗದಲ್ಲಿ. ಒಬ್ಬರು ವೇಗ ನೋಡಿದರೆ ಇನ್ನೊಬ್ಬರು ರಿಪೇರಿ, ಮತ್ತೊಬ್ಬರು ಗುಣಮಟ್ಟ. ಇದೇ ಫಂಕ್ಷನಲ್ ಫೋರ್‌ಮನ್‌ಶಿಪ್.

ಲೈನ್‌ಗೆ ವಾಪಸ್ ಬನ್ನಿ. ಕ್ವಾಲಿಟಿಯವರು "ಇದನ್ನು ಬಿಚ್ಚಿ ಮತ್ತೆ ಹೊಲಿ" ಅನ್ನುತ್ತಾರೆ. ಸೂಪರ್‌ವೈಸರ್ "ಮೊದಲು ಟಾರ್ಗೆಟ್ ಮುಗಿಸು" ಅನ್ನುತ್ತಾರೆ. ಹೊಲಿಯುವಾಕೆ ಯಾರ ಮಾತು ಕೇಳಬೇಕು? ಯಾರ ಮಾತು ಕೇಳಿದರೂ ಬೈಗುಳ ಆಕೆಗೇ. ಫೇಯೋಲ್ ಹೆದರಿದ್ದು ಇಂಥದ್ದಕ್ಕೇ. ಹಾಗಂತ ಟೇಲರ್ ಹೇಳಿದ್ದು ಸುಳ್ಳಲ್ಲ. ಮಿಷನ್ ವಿಷಯ ಮೆಕ್ಯಾನಿಕ್‌ಗೇ ಚೆನ್ನಾಗಿ ಗೊತ್ತು. ನನ್ನ ಪ್ರಕಾರ, ಪರಿಣತರು ಎಷ್ಟು ಜನ ಬೇಕಾದರೂ ಇರಲಿ. ಅವರ ಮಾತು ಸೂಪರ್‌ವೈಸರ್ ಮೂಲಕವೇ ಕೆಲಸಗಾರರಿಗೆ ಮುಟ್ಟಲಿ. ಉತ್ತರದಲ್ಲಿ ಇಬ್ಬರನ್ನೂ ಬರೆದು, ನಿಮ್ಮ ನಿಲುವನ್ನು ಒಂದು ಉದಾಹರಣೆಯೊಂದಿಗೆ ಹೇಳಿ.

ಹಾಥಾರ್ನ್ ಪ್ರಯೋಗಗಳನ್ನೂ ಇಲ್ಲೇ ಸೇರಿಸಿ ಓದಿ. ಶಿಕಾಗೋ ಹತ್ತಿರದ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ 1924ರಲ್ಲಿ ಶುರುವಾದವು. ಮೊದಲು ದೀಪದ ಬೆಳಕು ಬದಲಿಸಿ ನೋಡಿದರು. ಬೆಳಕಿಗೂ ಉತ್ಪಾದನೆಗೂ ನೇರ ಸಂಬಂಧ ಸಿಗಲಿಲ್ಲ. ಮುಂದೆ ರಿಲೇ (ಟೆಲಿಫೋನ್ ವ್ಯವಸ್ಥೆಯ ಬಿಡಿಭಾಗ) ಜೋಡಿಸುವ ಕೆಲವೇ ಹೆಣ್ಣುಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಬಿಡುವಿನ ಹೊತ್ತು, ಕೆಲಸದ ಅವಧಿ ಬದಲಿಸುತ್ತಾ ನೋಡಿದರು. ಉತ್ಪಾದನೆ ಏರಿತು. ಅವರನ್ನು ಗಮನಿಸಿದ್ದು, ಮಾತು ಕೇಳಿದ್ದು, ಮೇಲ್ವಿಚಾರಣೆ ಮೃದುವಾದದ್ದು ಕಾರಣವೆಂದು ಅಲ್ಲಿ ಅಧ್ಯಯನ ನಡೆಸಿದ ಎಲ್ಟನ್ ಮೇಯೊ ಮತ್ತು ಜೊತೆಯವರು ವಿವರಿಸಿದರು. ನಂತರದ ಸಂಶೋಧಕರು ಈ ತೀರ್ಮಾನವನ್ನು ಪ್ರಶ್ನಿಸಿದ್ದಾರೆ. ಸಂಬಳ ಕೊಡುವ ರೀತಿಯೂ ಆಗ ಬದಲಾಗಿತ್ತು. ಈ ಒಂದು ಸಾಲು ಬರೆಯುವುದನ್ನು ಮರೆಯಬೇಡಿ.

ಸಂದರ್ಭ ಕೊಟ್ಟು ಕೇಳುವ ಪ್ರಶ್ನೆ ಬಂದರೆ ಮೊದಲು ಎರಡು ವಿಷಯ ಹುಡುಕಿ: ಆದೇಶ ಎಷ್ಟು ಜನರಿಂದ ಬಂತು, ಕೆಲಸಗಾರರ ಮಾತು ಮೇಲಕ್ಕೆ ಹೋಯಿತಾ. ಮೊದಲನೆಯದರಲ್ಲಿ ಗೊಂದಲವಿದ್ದರೆ ಆದೇಶದ ಏಕತೆ ಬರೆಯಿರಿ. ಎರಡನೆಯದು ನಿಂತಿದ್ದರೆ ಮೇಲ್ಮುಖ ಸಂವಹನ ಬರೆಯಿರಿ. ಎರಡೂ ಕೆಟ್ಟಿದ್ದರೆ ಸೂಪರ್‌ವೈಸರ್‌ನಿಂದ ಉತ್ತರ ಶುರು ಮಾಡಿ. ಮೇಲಿನ ಆದೇಶ ಇಳಿಯುವುದೂ ಕೆಳಗಿನ ಕಷ್ಟ ಏರುವುದೂ ಅವರ ಮೂಲಕವೇ.