ದಣಿದ ರಕ್ತಕಣದ ಮೈಮೇಲೆ ಒಂದು ಬ್ರೇಕು

ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು ಬೀಡುಬಿಡುವುದು ಲಿವರ್‌ನಲ್ಲಿ. ಆದರೆ ಸೋಂಕು ಆರು ತಿಂಗಳು ದಾಟಿ ಬೇರೂರಿತು ಅಂದರೆ, ತೋಳಿನಿಂದ ತೆಗೆದ ರಕ್ತದ ಕಣಗಳಲ್ಲೂ ಅದರ ಗುರುತು ಸಿಗುತ್ತದೆ.

ಕೆಂಪು ಕಣಕ್ಕೆ ನ್ಯೂಕ್ಲಿಯಸ್ ಇಲ್ಲ, ಹೊಸ ಪ್ರೋಟೀನು ತಯಾರಿಸುವ ಶಕ್ತಿಯೂ ಇಲ್ಲ. ಸುಮಾರು 120 ದಿನ ಬದುಕಿ ಹೋಗುತ್ತದೆ. ನಿಜವಾದ ಕತೆ ಇರುವುದು ಬಿಳಿ ಕಣಗಳಲ್ಲಿ, ಅದರಲ್ಲೂ ಟಿ-ಕಣಗಳಲ್ಲಿ. ವೈರಸ್ ಹೊಕ್ಕ ಜೀವಕೋಶವನ್ನು ಹುಡುಕಿ ಕೊಲ್ಲುವ ಕಣಗಳಿವು.

ಕೆಲಸಕ್ಕೆ ಇಳಿದ ಟಿ-ಕಣದ ಮೈಮೇಲೆ ಪಿಡಿ-1 ಎಂಬ ಪ್ರೋಟೀನು ಮೂಡುತ್ತದೆ. ಇದೊಂದು ಬ್ರೇಕು. ಜಪಾನಿನ ತಸುಕು ಹೊಂಜೊ ಅವರ ತಂಡ 1992ರಲ್ಲಿ ಇದನ್ನು ಗುರುತಿಸಿತು. ಕೆಲವೇ ದಿನದಲ್ಲಿ ಮುಗಿಯುವ ಸೋಂಕಾದರೆ, ವೈರಸ್ ಹೋದ ಮೇಲೆ ಪಿಡಿ-1 ಕೂಡ ಇಳಿಯುತ್ತದೆ. ವರ್ಷಗಟ್ಟಲೆ ವೈರಸ್ ಎದುರಿಗೇ ಇದ್ದರೆ? ಬ್ರೇಕು ಒತ್ತಿಕೊಂಡೇ ಇರುತ್ತದೆ. ಆಗ ಕಣ ಒಂದೊಂದೇ ಕೆಲಸ ಬಿಡುತ್ತಾ ಬರುತ್ತದೆ. ಮೊದಲು ಇಂಟರ್‌ಲ್ಯೂಕಿನ್-2 ಎಂಬ ಸಂಕೇತ ಪ್ರೋಟೀನಿನ ತಯಾರಿ ನಿಲ್ಲುತ್ತದೆ, ಜೊತೆಗೆ ತಾನು ಹೆಚ್ಚಿಕೊಳ್ಳುವ ಶಕ್ತಿಯೂ ಕುಂದುತ್ತದೆ. ಆಮೇಲೆ ಟಿಎನ್ಎಫ್ ಎಂಬ ಇನ್ನೊಂದು ಸಂಕೇತ ಪ್ರೋಟೀನು. ಕೊನೆಗೆ ವೈರಸ್ಸನ್ನು ಹತ್ತಿಕ್ಕುವ ಇಂಟರ್‌ಫೆರಾನ್-ಗಾಮಾ ಕೂಡ. ವಿಜ್ಞಾನಿಗಳು ಇದನ್ನು ಟಿ-ಕಣದ ದಣಿವು ಅನ್ನುತ್ತಾರೆ. ಲಿವರ್‌ನೊಳಗೇ ಇರುವ ಟಿ-ಕಣಗಳಲ್ಲಂತೂ ಈ ಬ್ರೇಕು ರಕ್ತದಲ್ಲಿರುವುದಕ್ಕಿಂತ ಜಾಸ್ತಿ.

ಇದನ್ನು ಸುಮ್ನೆ ಸೋಲು ಅನ್ನಲು ನನಗೆ ಮನಸ್ಸಿಲ್ಲ. ಹೆಪಟೈಟಿಸ್ ಬಿ ವೈರಸ್ ತಾನೇ ಲಿವರ್ ಕೋಶವನ್ನು ಅಷ್ಟಾಗಿ ಕೊಲ್ಲುವುದಿಲ್ಲ, ಕೊಲ್ಲುವುದು ನಮ್ಮದೇ ಟಿ-ಕಣ. ಅದು ಪೂರ್ತಿ ಜೋರಿನಲ್ಲಿ ವರ್ಷಗಟ್ಟಲೆ ಹೋರಾಡಿದರೆ ವೈರಸ್ ಜೊತೆ ಲಿವರ್ ಕೂಡ ಉಳಿಯುವುದು ಕಷ್ಟ ಅಲ್ವಾ? ಕಣದೊಳಗಿನ ಟಾಕ್ಸ್ ಎಂಬ ಇನ್ನೊಂದು ಪ್ರೋಟೀನು ಇದೇ ಮಾತನ್ನು ಹೇಳುತ್ತದೆ. ದಣಿವಿನ ಕಾರ್ಯಕ್ರಮವನ್ನು ನಡೆಸುವುದು ಅದೇ. ಇಲಿಗಳಲ್ಲಿ ಅದನ್ನು ತೆಗೆದು ನೋಡಿದರೆ ಟಿ-ಕಣಗಳು ಚುರುಕಾಗಿ ಉಳಿಯಲಿಲ್ಲ, ಬಾಳದೆ ಸತ್ತೇ ಹೋದವು. ಹಾಗಾಗಿ ದಣಿವು ಬದುಕುಳಿಯುವ ಉಪಾಯವೂ ಹೌದು.

ಹೆಪಟೈಟಿಸ್ ಸಿ ಈಗ 8ರಿಂದ 12 ವಾರದ ಮಾತ್ರೆಗಳಲ್ಲಿ 100ಕ್ಕೆ 95ಕ್ಕೂ ಹೆಚ್ಚು ಮಂದಿಗೆ ವಾಸಿಯಾಗುತ್ತದೆ. ವೈರಸ್ ಪೂರ್ತಿ ಹೋದ ಮೇಲಾದರೂ ಟಿ-ಕಣ ಮೊದಲಿನಂತೆ ಆಗಬೇಕಿತ್ತು. ಹಾಗಾಗುವುದಿಲ್ಲ. ಸ್ವಲ್ಪ ಚೇತರಿಸಿಕೊಳ್ಳುತ್ತದೆ ನಿಜ, ಆದರೆ ಡಿಎನ್‌ಎ ಸುತ್ತಿಟ್ಟಿರುವ ರೀತಿಯಲ್ಲೇ ದಣಿವಿನ ಗಾಯದ ಗುರುತು ಉಳಿದುಬಿಡುತ್ತದೆ. ವಾಸಿಯಾದವರಿಗೂ ಸೋಂಕಿತ ರಕ್ತ ತಾಗಿದರೆ ಹೆಪಟೈಟಿಸ್ ಸಿ ಮತ್ತೆ ಬರಬಹುದು.